ನಾನು ತಿರುಗಿಸದ ಸ್ಟೇರಿಂಗ್

ಹೊಸ ಕಾರಿನ ಸ್ಟೇರಿಂಗ್ ಬಿಗಿಯಾಗಿದೆ ಎಂದು ಯಾರಾದರೂ ಬಂದರೆ ನನಗೆ ಒಳಗೊಳಗೇ ಖುಷಿ. ಹಳೇ ಗಾಡಿಯವರು ಕೈ ಮುಗಿಯುತ್ತಾರೆ, ಹೊಸ ಗಾಡಿಯವರು ಹಾರಾಡುತ್ತಾರೆ. ಹಾರಾಡುವವರನ್ನು ಸ್ಟೂಲಿನ ಮೇಲೆ ಕೂಡಿಸಿ ಕಾಯಿಸುವುದರಲ್ಲಿ ಒಂದು ಸುಖವಿದೆ. ಕಲಬುರಗಿಯಲ್ಲಿ ಸ್ಟೇರಿಂಗ್ ಕೆಲಸವೊಂದನ್ನೇ ಮಾಡುವ ಗ್ಯಾರೇಜು ನನ್ನದು. ನಾನು ಒಳ್ಳೆಯ ಮಿಸ್ತ್ರಿ. ಒಳ್ಳೆಯ ಮನುಷ್ಯನೋ ಅಲ್ಲವೋ, ಮುಂದೆ ಓದಿ ನೀವೇ ಹೇಳಿ.

ಆ ಕಾರು ಕೆಂಪನೆಯದು, ಎರಡೇ ಬಾಗಿಲಿನದು. ಸೂಪರ್ ಮಾರ್ಕೆಟ್ ರಸ್ತೆಯ ಒಂದೊಂದು ಉಬ್ಬಿಗೂ ಹೊಟ್ಟೆ ಉಜ್ಜಿಸಿಕೊಳ್ಳುವಷ್ಟು ತಗ್ಗು. ಬ್ರಹ್ಮಪುರದ ಬೇಳೆ ಮಿಲ್ಲಿನ ಸಾಹುಕಾರರ ಮಗ ಹೈದರಾಬಾದಿನಿಂದ ತಂದು ಇನ್ನೂ ತಿಂಗಳಾಗಿರಲಿಲ್ಲ. ಬಲಕ್ಕೆ ತಿರುಗಿಸಿದರೆ ಕಿರ್ರ್ ಎನ್ನುತ್ತಿತ್ತು, ಅರ್ಧಕ್ಕೆ ಬಂದಾಗ ಕೈಯನ್ನು ಹಿಡಿದು ನಿಲ್ಲಿಸಿದ ಹಾಗಾಗುತ್ತಿತ್ತು, ಇನ್ನೊಂದಿಷ್ಟು ಜೋರು ಹಾಕಿದರೆ ಬಿಡುತ್ತಿತ್ತು. ಹೈವೇ ಮೇಲೆ ಹೀಗೆ ಹಿಡಿದರೆ ಏನು ಗತಿ ಎಂದು ಸಾಹುಕಾರರ ಮಗ ಬೆವರುತ್ತಿದ್ದ. ನನಗೆ ಅವನ ಬೆವರು ನೋಡಿ ಪಾಪ ಅನಿಸಲಿಲ್ಲ.

ಎರಡು ದಿನ ಒದ್ದಾಡಿದೆ. ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತಿದೆ, ಬಿಗಿ ಹಾಗೇ ಉಳಿಯಿತು, ಅಂದರೆ ಟೈರಿನದಲ್ಲ. ಬಾಲ್ ಜಾಯಿಂಟ್ ನೋಡಿದೆ, ಟೈ ರಾಡ್ ಅಲುಗಾಡಿಸಿದೆ, ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದವು. ಸ್ಕ್ಯಾನರ್ ಹಚ್ಚಿದರೆ ಅದು ಯಾವ ದೋಷವೂ ಇಲ್ಲ ಎಂದಿತು. ಕೊನೆಗೆ ಸ್ಟೇರಿಂಗಿನ ಮೋಟಾರೇ ಹೋಗಿದೆ ಎಂದು ಬಾಯಿಗೆ ಬಂದದ್ದು ಹೇಳಿದೆ.

"ಮಿಸ್ತ್ರಿ, ನಿಮ್ಮ ಉಸ್ತಾದ್ ಕಮಲಾಪುರದಾಗ ಅದಾರಂತಲ್ಲ?" ಎಂದ ಸಾಹುಕಾರರ ಮಗ. "ಬರೇ ಕಿವಿ ಹಚ್ಚಿ ಗಾಡಿ ರೋಗ ಹೇಳ್ತಾರಂತ. ನಡೀರಿ, ಅವರಿಗೇ ತೋರಸೋಣು. ನಿಮ್ಮ ಕೈಲೆ ಆಗಲಾರದ್ದು."

ಆ ಕೊನೆಯ ಮಾತು ನನಗೆ ಗಾಯಕ್ಕೆ ಮೆಣಸಿನಪುಡಿ ಹಾಕಿದ ಹಾಗಾಯಿತು.

ಉಸ್ತಾದರ ಬಗ್ಗೆ ಹೇಳಬೇಕು. ಹನ್ನೊಂದು ವರ್ಷ ನಾನು ಅವರ ಕೈಕೆಳಗೆ ಇದ್ದೆ. ನಟ್ಟು ಬಿಚ್ಚುವ ಪಾನಾ ಹಿಡಿಯುವುದರಿಂದ ಹಿಡಿದು ಗಿರಾಕಿಗೆ ಸುಳ್ಳು ಹೇಳದಿರುವುದರವರೆಗೆ ಎಲ್ಲ ಕಲಿಸಿದರು. ಮೊದಲನೆಯದು ಮಾತ್ರ ನನಗೆ ಹತ್ತಿತು. ವಯಸ್ಸಾದ ಮೇಲೆ ಕಮಲಾಪುರದಲ್ಲಿ ಮಗಳ ಮನೆ ಸೇರಿದರು. ಅಲ್ಲಿ ಹೈವೇ ಬದಿಯ ಬೇವಿನ ಗಿಡದ ಕೆಳಗೆ, ಚಹಾದ ಹೋಟೆಲಿನ ಪಕ್ಕದಲ್ಲಿ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಬೋರ್ಡಿಲ್ಲ, ಮಷೀನಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಕೆಯನ್ನು ಕಿವಿಗೊತ್ತಿ, ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಬೀದರ ಕಡೆಯ ಲಾರಿಯವರೂ ಆ ಕಿವಿಗಾಗಿ ಅಲ್ಲಿ ನಿಲ್ಲುತ್ತಿದ್ದರು. ಅಳಿಯನ ಮನೆಯಲ್ಲಿ ತಲೆಯೆತ್ತಿ ಉಣ್ಣಲು ಅವರ ಬಳಿ ಇದ್ದದ್ದು ಆ ಹೆಸರೊಂದೇ.

ಮತ್ತು ಆ ಕಿವಿ ಹೋಗಿದೆ ಎಂದು ನನಗೆ ಒಂದು ವರ್ಷದಿಂದ ಅನುಮಾನವಿತ್ತು. ಫೋನಿನಲ್ಲಿ ನಾನೊಂದು ಕೇಳಿದರೆ ಅವರೊಂದು ಹೇಳುತ್ತಿದ್ದರು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಇದನ್ನು ನಾನು ಸಾಹುಕಾರರ ಮಗನಿಗೆ ಹೇಳಬಹುದಿತ್ತು. "ನಡೀರಿ" ಎಂದೆ.

ಕಮಲಾಪುರದಲ್ಲಿ ಇಳಿದಾಗ ಉಸ್ತಾದರು ಎದ್ದು ನನ್ನ ಬೆನ್ನು ತಟ್ಟಿದರು. ನಾನು ತೊಂದರೆ ವಿವರಿಸುವಾಗ ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದರು. ಅನುಮಾನ ಖಾತ್ರಿಯಾಯಿತು. ಕೆಂಪು ಕಾರು ಬಂದದ್ದೇ ತಡ, ಹೋಟೆಲಿನವರು, ಬಾಳೆಹಣ್ಣು ಮಾರುವವರು, ಲಾರಿ ಡ್ರೈವರುಗಳು ಎಲ್ಲ ಸುತ್ತ ನಿಂತರು. ಸಾಹುಕಾರರ ಮಗ ಮೊಬೈಲ್ ತೆಗೆದು ವಿಡಿಯೊ ಶುರು ಮಾಡಿದ.

ಉಸ್ತಾದರು ಬಾನೆಟ್ ಎತ್ತಿಸಿ, ಸ್ಕ್ರೂಡ್ರೈವರನ್ನು ಕಿವಿಗೊತ್ತಿಕೊಂಡು ಬಗ್ಗಿದರು. ನಾನು ಒಳಗೆ ಸ್ಟೇರಿಂಗಿನ ಮುಂದೆ ಕೂತೆ. ನಡುವೆ ಬಾನೆಟ್ ಅಡ್ಡ ಇತ್ತು, ನಾನು ಅವರಿಗೆ ಕಾಣುತ್ತಿರಲಿಲ್ಲ.

"ತಿರುಗಸು ಬೇಟಾ," ಎಂದರು.

ನಾನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ.

"ಹಾಂ. ಕೇಳ್ತು. ಮತ್ತೊಮ್ಮಿ."

ಮತ್ತೊಮ್ಮೆ ಸುಮ್ಮನೆ ಕೂತೆ. ಸಾಹುಕಾರರ ಮಗ ನನ್ನ ಕೈಗಳತ್ತ ಮೊಬೈಲ್ ತಿರುಗಿಸಿ, ಮತ್ತೆ ಉಸ್ತಾದರತ್ತ ತಿರುಗಿಸಿದ. ನಗು ತಡೆಯಲಾರದೆ ಅವನ ಭುಜ ಕುಣಿಯುತ್ತಿತ್ತು.

"ಹಾಂ, ಅದೇ. ಬೇರಿಂಗ್ ಆವಾಜ್ ಅದು," ಎಂದರು ಉಸ್ತಾದರು.

ನಾನು ಇಳಿದು ಅವರ ಎದುರು ಹೋಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಉಸ್ತಾದ್, ನಾ ಸ್ಟೇರಿಂಗ್ ಮುಟ್ಟೇ ಇಲ್ರಿ."

ಜನ ನಕ್ಕರು. ಹಣ್ಣಿನವನು ಚಪ್ಪಾಳೆ ಹೊಡೆದ. ಉಸ್ತಾದರ ಮುಖ ಬೂದಿಯಾಯಿತು. ನನಗೆ ಏನನ್ನಿಸಿತು ಎಂದು ಮುಚ್ಚಿಡುವುದಿಲ್ಲ, ಸಂತೋಷವಾಯಿತು. ನನ್ನ ಕೈಲಾಗದ್ದು ಅವರ ಕೈಲೂ ಆಗಲಿಲ್ಲವಲ್ಲ ಎಂಬ ಹೊಲಸು ಸಂತೋಷ.

ಅವರು ಬಯ್ಯಲಿಲ್ಲ. ಸ್ಕ್ರೂಡ್ರೈವರನ್ನು ಕುರ್ಚಿಯ ಮೇಲಿಟ್ಟು, ಬಂದು ಡ್ರೈವರ್ ಬಾಗಿಲಲ್ಲಿ ಮಂಡಿಯೂರಿದರು. ಪೆಡಲುಗಳ ಮೇಲಿನಿಂದ ಕೈ ತೂರಿಸಿ, ಸ್ಟೇರಿಂಗಿನ ರಾಡು ಕಾರಿನ ನೆಲದೊಳಗೆ ಇಳಿಯುವ ಕಡೆಯ ರಬ್ಬರಿನ ಸಮೀಪ ಬೆರಳಿಟ್ಟು ಕಣ್ಣು ಮುಚ್ಚಿದರು. ಇನ್ನೊಂದು ಕೈಯಿಂದ ತಾವೇ ಸ್ಟೇರಿಂಗ್ ತಿರುಗಿಸಿದರು. ಒಮ್ಮೆ, ಎರಡು ಸಲ, ಬಹಳ ನಿಧಾನಕ್ಕೆ.

"ಲೋಹಾ ಲೋಹಾಕ್ಕ ಹತ್ತಿಲ್ಲ ಬೇಟಾ," ಎಂದರು. "ಏನೋ ಕಟ್ಟ್ಯಾರ ಇಲ್ಲಿ. ದಾರ ಅದ. ಒಳಗ ಸುತ್ತಿಕೊಂಡದ."

"ಈಗ ದಾರ ಅಂತಾರ, ಇನ್ನಷ್ಟು ಹೊತ್ತು ನಿಂತರ ಹಗ್ಗ ಅಂತಾರ, ನಡೀರಿ," ಎಂದೆ ನಾನು. ಮತ್ತೊಮ್ಮೆ ನಗು ಎದ್ದಿತು. ನಾವು ಹೊರಟುಬಂದೆವು.

ಗ್ಯಾರೇಜಿಗೆ ಬಂದು ಪೆಡಲಿನ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿದೆ. ಮೊದಲೇ ಬಿಚ್ಚಬೇಕಿತ್ತು. ಸ್ಟೇರಿಂಗ್ ರಾಡಿಗೆ ಕರಿ ದಾರ ಸುತ್ತಿಕೊಂಡು ಗಂಟುಗಂಟಾಗಿತ್ತು. ಅದರ ತುದಿಗಿದ್ದ ತಾಮ್ರದ ತಾಯತ ರಬ್ಬರಿನ ಸಂದಿಯಲ್ಲಿ ಸಿಕ್ಕಿಬಿದ್ದಿತ್ತು. ಉಸ್ತಾದರ ಬೆರಳು ಇದ್ದ ಜಾಗಕ್ಕಿಂತ ಎರಡಂಗುಲ ಕೆಳಗೆ.

ಸಾಹುಕಾರರ ಮಗ ಅಲ್ಲಿಂದಲೇ ತಾಯಿಗೆ ಫೋನ್ ಮಾಡಿ ಕೂಗಾಡಿದ. ನಮ್ಮಲ್ಲಿ ಹೊಸ ಗಾಡಿ ಬಂದರೆ ದೃಷ್ಟಿಗೆಂದು ಕರಿ ದಾರ ಕಟ್ಟದೆ ರಸ್ತೆಗೆ ಇಳಿಸುವುದಿಲ್ಲ. ಎಲ್ಲರೂ ಮುಂದೆ ಬಂಪರಿಗೆ ಕಟ್ಟುತ್ತಾರೆ. ಇವನು ಕಾರಿನ ಅಂದ ಕೆಡುತ್ತದೆ ಎಂದು ಒಪ್ಪಿರಲಿಲ್ಲ. ಪೂಜೆಯ ದಿನ ಇವನು ಮುಂದೆ ಕಾಯಿ ಒಡೆಯುತ್ತಿದ್ದಾಗ ಆ ತಾಯಿ ಮನೆಯ ಡ್ರೈವರಿಗೆ ಹೇಳಿ, ದರ್ಗಾದಿಂದ ತಂದ ತಾಯತ ಸೇರಿಸಿ ಒಳಗೆ ಕಟ್ಟಿಸಿದ್ದಳು. "ನಿನಗ ಕಾಣಬಾರದಂತ ಕೆಳಗ ಕಟ್ಟಿಸೀನೋ ಅಪ್ಪಾ," ಎಂದು ಆಕೆ ಅಳುವುದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಇವನು ಫೋನ್ ಕಟ್ ಮಾಡಿದ.

"ನಿಮ್ಮ ಉಸ್ತಾದ್ ದಾರ ಅಂದಿದ್ರಲ್ಲ?" ಎಂದು ಆಮೇಲೆ ಕೇಳಿದ.

"ನಮ್ಮ ಊರಾಗ ಯಾವ ಗಾಡಿಗಿ ದಾರ ಇರಂಗಿಲ್ಲ ಹೇಳ್ರಿ? ಬಾಯಿಗಿ ಬಂದದ್ದು ಅಂದ್ರು, ಹತ್ತಿತು," ಎಂದೆ. ಅವನು ಒಪ್ಪಿದ. ಕಷ್ಟವೇನಾಗಲಿಲ್ಲ.

ಆ ವಿಡಿಯೊ ಎರಡು ದಿನದಲ್ಲಿ ಊರೆಲ್ಲ ಸುತ್ತಿತು. ಬೆರಳಿಟ್ಟು ದಾರ ಎಂದದ್ದು ಅದರಲ್ಲಿರಲಿಲ್ಲ. "ಮುಟ್ಟೇ ಇಲ್ರಿ" ಎಂದು ನಾನಂದಲ್ಲಿಗೆ ಕತ್ತರಿಸಿದ್ದರು. ಮಿಸ್ತ್ರಿಗಳ ಗ್ರೂಪಿಗೂ ಬಂತು. ಎಲ್ಲರೂ ನಗುವ ಮುಖ ಹಾಕಿದ್ದರು, ನಾನೂ ಒಂದು ಹಾಕಿದೆ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲುವುದು ಕಡಿಮೆಯಾಗಿ, ನಿಂತೇ ಹೋಯಿತೆಂದು ಯಾರೋ ಹೇಳಿದರು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಉಸ್ತಾದರು ಗ್ಯಾರೇಜಿಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು, ಒಬ್ಬರೇ. ವಿಡಿಯೊದ ಮಾತೆತ್ತಲಿಲ್ಲ. ಚಹಾ ತರಿಸಿದೆ, ಕುಡಿದರು. ಇಬ್ಬರು ಗಿರಾಕಿಗಳು ಕೂತಿದ್ದರು.

"ಬೇಟಾ, ಒಂದೇ ಮಾತು ಕೇಳಲಾಕ ಬಂದೀನಿ," ಎಂದರು. "ಆ ಕೆಂಪು ಗಾಡಿಯೊಳಗ ಏನಿತ್ತು? ದಾರನೇ ಇತ್ತಾ? ಕಿವಿ ಹೋದ್ರ ಹೋಗಲಿ, ಕೈ ಖರೇ ಹೇಳ್ತಾವೋ ಇಲ್ಲೋ ಅಂತ ತಿಳೀಬೇಕು. ಕೈ ಖರೇ ಇದ್ರ ನಾ ಇನ್ನೂ ಕೂಡ್ತೀನಿ ಅಲ್ಲಿ."

ಗಿರಾಕಿಗಳು ನಮ್ಮನ್ನೇ ನೋಡುತ್ತಿದ್ದರು. ಆ ಗಾಡಿಯ ರೋಗ ಕಂಡುಹಿಡಿದವನು ನಾನು ಎಂದಷ್ಟೇ ಅವರಿಗೆ ಗೊತ್ತಿತ್ತು; ನಾನೇ ಹೇಳಿದ್ದೆ.

"ಇಲ್ರಿ ಉಸ್ತಾದ್. ಮೋಟಾರ್ ಹೋಗಿತ್ತು," ಎಂದೆ. ಅವರಿಗೆ ತಪ್ಪದೆ ತಿಳಿಯಲಿ ಎಂದು ಒಂದೊಂದು ಅಕ್ಷರಕ್ಕೂ ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದೆ.

ಅವರು ತಲೆಯಾಡಿಸಿದರು. "ಅಂದ್ರ ಕೈನೂ ಹೋತು," ಎಂದು ಎದ್ದರು.

ಬಸ್ ಸ್ಟ್ಯಾಂಡಿಗೆ ನಾನೇ ಬೈಕಿನಲ್ಲಿ ಬಿಟ್ಟುಬಂದೆ. ಹಿಂದೆ ಕೂತು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ಮುಂದೆ ನೋಡಿಕೊಂಡು ಗಾಡಿ ಹೊಡೆಯುತ್ತ, "ದಾರಾನೇ ಇತ್ರಿ ಉಸ್ತಾದ್, ನೀವಂದಿದ್ದೇ ಖರೇ," ಎಂದು ಬಸ್ ಸ್ಟ್ಯಾಂಡ್ ಬರುವವರೆಗೂ ಗಟ್ಟಿಯಾಗಿ ಹೇಳುತ್ತಲೇ ಇದ್ದೆ. ಇಳಿದ ಮೇಲೆ ಅವರ ಕಡೆಗೆ ಮುಖ ತಿರುಗಿಸಿ, ಹೋಗಿ ಬರ್ರಿ ಎಂದೆ.