ಕಣ್ಣು ಮಿಟುಕಿಸದ ಗಂಗಮ್ಮತ್ತೆ

ಗಂಗಮ್ಮತ್ತೆ ಕಣ್ಣು ಮಿಟುಕಿಸಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ ನೆನಪೇ ಇಲ್ಲ. ಅಪ್ಪನ ಅಕ್ಕ ಅವಳು. ಮಾವ ತೀರಿಕೊಂಡ ಮೇಲೆ ಅಜ್ಜಂಪುರದ ದಿನಸಿ ಅಂಗಡಿಯನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಅವಳು ದಿಟ್ಟಿಸಿದರೆ ಸಾಲ ಕೇಳಲು ಬಂದವರು ದುಡ್ಡು ಕೊಟ್ಟು ಹೋಗುತ್ತಿದ್ದರು. ರಜೆಗೆ ತರೀಕೆರೆಯಿಂದ ಹೋದ ನಾವು ಬೆಲ್ಲದ ಡಬ್ಬಿಯಿಂದ ಕೈ ತೆಗೆಯುತ್ತಿದ್ದೆವು. ಬೈಯುವ ಕಷ್ಟವೇ ಅವಳಿಗಿರಲಿಲ್ಲ.

ಬೆಳಿಗ್ಗೆ ಲಿಂಗಪೂಜೆಗೆ ಕೂತರಂತೂ ಕೇಳಬೇಡಿ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುವಳು. ನಮ್ಮ ಮನೆಗಳಲ್ಲಿ ಎಲ್ಲರೂ ಹೀಗೇ ಪೂಜೆ ಮಾಡುವುದು. ಆದರೆ ನಾನು ಅವಳ ಪಕ್ಕ ಕೂತರೆ ಸ್ವಲ್ಪ ಹೊತ್ತಿಗೇ ಸೋತು ಕಣ್ಣುಜ್ಜಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ಶುರುವಿನಲ್ಲಿ ಅವಳ ಬಲಗಣ್ಣೊಳಗೆ ಕಪ್ಪು ಗೆಡ್ಡೆಯೊಂದು ಕಾಣಿಸಿತು. ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣುಗುಡ್ಡೆಯ ಹಿಂಬದಿಗೆ ವಿಕಿರಣದ ಪುಟ್ಟ ಬಿಲ್ಲೆಯೊಂದನ್ನು ಹೊಲಿದು, ಕೆಲವು ದಿನ ಬಿಟ್ಟು ತೆಗೆದರು. ಊರಿನವರ ಮಾತಿನಲ್ಲಿ ಅದು ‘ಕರೆಂಟ್ ಕೊಡಿಸಿದ್ದು’. ಗೆಡ್ಡೆ ಕುಗ್ಗಿತು. ಮತ್ತೆ ಬೆಳೆದರೆ ಮಾತ್ರ ಕಣ್ಣನ್ನೇ ತೆಗೆಯಬೇಕಾದೀತು ಎಂದು ಎಚ್ಚರಿಸಿ ಕಳಿಸಿದರು.

“ಸಾಯಕ್ಕೆ ನಾನು ತಯಾರಿದೀನಿ ಕಣೇ,” ಎಂದಳು ಅತ್ತೆ ನನಗೆ. “ಆದ್ರೆ ಒಂದು ಕಣ್ಣು ಬೆಂಗ್ಳೂರಲ್ಲಿ ಬಿಟ್ಟು, ಮಿಕ್ಕಿದ್ದು ಅಜ್ಜಂಪುರದಲ್ಲಿ ಮಣ್ಣಿಗೆ ಹೋಗೋದಾ? ಅದು ಮಾತ್ರ ನನ್ ಕೈಲಾಗಲ್ಲ.”

ಅದಾಗಿ ಒಂದೆರಡು ವರ್ಷ ಕಳೆದಿರಬೇಕು. ನನಗೆ ಕಡೂರಿನ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತ್ತು. ಒಂದು ಭಾನುವಾರ ಹೋದಾಗ ಅತ್ತೆ ಪೂಜೆಯಲ್ಲಿದ್ದಳು. ಬಲಗಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಏನತ್ತೆ ಇದು ಎಂದೆ.

“ಭಕ್ತಿ ಕಣೇ,” ಎಂದು ಸೆರಗಿನಿಂದ ಒರೆಸಿಕೊಂಡಳು.

ಭಕ್ತಿ ಒಂದೇ ಕಣ್ಣಲ್ಲಿ ಬರುವುದೇ? ಅನುಮಾನವಾಯಿತು. ಆಮೇಲೆ ಅಂಗಡಿಯಲ್ಲಿ ಅವಳು ಗಿರಾಕಿಗೆ ತೂಗಿದ ಬೆಲ್ಲದ ತಟ್ಟೆ ಧಾರಾಳವಾಗಿ ಕೆಳಗಿಳಿದಿದ್ದನ್ನು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಅತ್ತೆ ಯಾರಿಗೂ ಒಂದು ಚೂರು ಹೆಚ್ಚು ಕೊಟ್ಟವಳಲ್ಲ. ಅವಳಿಗೆ ತಕ್ಕಡಿಯ ಮುಳ್ಳು ಕಾಣಿಸುತ್ತಿರಲಿಲ್ಲ. ಗೆಡ್ಡೆ ಮರಳಿ ಬಂದಿದೆ ಎಂದು ತಾನೇ ತೀರ್ಮಾನಿಸಿ, ಆಸ್ಪತ್ರೆಗೆ ಹೋದರೆ ಕಣ್ಣು ಕಿತ್ತುಬಿಡುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ನನಗೆ ಕೋಪ ಬಂತು, ಅಳುವೂ ಬಂತು. ಅಪ್ಪನನ್ನು ಕರೆಸಿ, ಇಬ್ಬರೂ ಸೇರಿ ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬೆಂಗಳೂರಿನ ರೈಲು ಹತ್ತಿಸಿದೆವು.

ಡಾಕ್ಟರಮ್ಮ ಔಷಧಿ ಹಾಕಿ, ಲೈಟು ಬಿಟ್ಟು, ಬಹಳ ಹೊತ್ತು ನೋಡಿದರು. ಅಪ್ಪ ಬಾಗಿಲ ಚಿಲಕ ಹಿಡಿದುಕೊಂಡು ನಿಂತಿದ್ದ. ಕೊನೆಗೆ ಅವರು, “ಗೆಡ್ಡೆ ಬೆಳೆದಿಲ್ಲ. ಕರೆಂಟಿನಿಂದ ಕಣ್ಣಿನ ಪಸೆ ಆರಿದೆ. ಒಣಗಿದ ಕಣ್ಣೇ ಹೀಗೆ ಉರಿದು ನೀರು ಸುರಿಸೋದು. ಮೇಲಿನ ಪದರದಲ್ಲಿ ಹುಣ್ಣಾಗಿದೆ, ಅದಕ್ಕೇ ಮಂಜು,” ಎಂದರು. ಅಪ್ಪ ಹಿಡಿದಿದ್ದ ಚಿಲಕ ಬಿಟ್ಟ.

“ದಿನಾ ಕಣ್ಣಿಗೆ ಏನು ಕೆಲಸ ಕೊಡ್ತೀರಿ?” ಎಂದು ಅವರು ಕೇಳಿದರು. ಅತ್ತೆ ಖಾಲಿ ಅಂಗೈ ಎತ್ತಿ, ಪೂಜೆ ಮಾಡುವ ಹಾಗೆ ನೋಡಿ ತೋರಿಸಿದಳು. ಕಣ್ಣು ಉಳಿದಿದ್ದಕ್ಕೆ ಕೃತಜ್ಞತೆಯಿಂದ ಅವಳು ಪೂಜೆಯ ಹೊತ್ತನ್ನು ದುಪ್ಪಟ್ಟು ಮಾಡಿದ್ದಳಂತೆ! ಡಾಕ್ಟರಮ್ಮ ತೋರಿಸಿದ್ದು ಸಾಕೆಂದು ಅವಳ ಕೈ ಇಳಿಸಿದರು.

“ಅಮ್ಮಾ, ನೀವು ಮಿಟುಕಿಸದಿದ್ದರೆ ಕಣ್ಣು ಮತ್ತೆ ಒಣಗುತ್ತೆ. ಈ ಹುಣ್ಣು ಆಳಕ್ಕಿಳಿದರೆ ಗೆಡ್ಡೆ ಇಲ್ಲದೆಯೇ ಕಣ್ಣು ಹೋಗುತ್ತೆ.”

“ಲಿಂಗದ ಮುಂದೆ ಮಿಟುಕ್ಸಾದು ಹೆಂಗೆ ಡಾಕ್ಟ್ರಮ್ಮ?”

ಅವರು ಚೀಟಿ ಎಳೆದುಕೊಂಡರು. ಹಗಲಿಗೆ ಹನಿ, ರಾತ್ರಿಗೆ ಮುಲಾಮು, ಹುಣ್ಣು ಮಾಯುವ ತನಕ ಮಲಗುವಾಗ ಕಣ್ಣಿಗೆ ಪಟ್ಟಿ ಬರೆದುಕೊಟ್ಟರು. ಅತ್ತೆ ಎಲ್ಲಕ್ಕೂ ಒಪ್ಪಿದಳು, ಮಿಟುಕಿಸುವುದೊಂದಕ್ಕೆ ಬಿಟ್ಟು. ಹಿಂತಿರುಗುವಾಗ ಅಪ್ಪ ಉಪಾಯ ಮಾಡಿ ಅವಳನ್ನು ತರೀಕೆರೆ ಕಡೆಯ ನಮ್ಮ ಮಠಕ್ಕೆ ಕರೆದೊಯ್ದ. ವಯಸ್ಸಾದ ಸ್ವಾಮಿಗಳು ಎಲ್ಲ ಕೇಳಿಸಿಕೊಂಡು ನಕ್ಕರು.

“ಮಿಟುಕ್ಸಮ್ಮ ತಾಯಿ. ನೀನು ರೆಪ್ಪೆ ಮುಚ್ಚಿ ತೆಗೆಯೋದ್ರೊಳಗೆ ಲಿಂಗ ಎಲ್ಲಿಗೂ ಎದ್ದೋಗಲ್ಲ. ನಾನೇನು ಮಿಟುಕಿಸ್ದೆ ಕೂತಿರ್ತೀನಿ ಅನ್ಕಂಡ್ಯಾ?”

ಅತ್ತೆ ಅವರ ಮುಖವನ್ನೇ ನೋಡುತ್ತಾ ನಿಂತಳು. ಬಹುಶಃ ಅವರು ಮಿಟುಕಿಸುತ್ತಾರೋ ಎಂದು ಪರೀಕ್ಷಿಸುತ್ತಿದ್ದಳು.

ಅಂದಿನಿಂದ ಅವಳ ಮಿಟುಕಾಟ ಶುರುವಾಯಿತು. ಯಾವುದನ್ನೂ ಅರ್ಧಂಬರ್ಧ ಮಾಡಿ ಗೊತ್ತಿಲ್ಲವಲ್ಲ! ಕಾಯಿಲೆ ಬಲಗಣ್ಣಿನದು, ಆದ್ದರಿಂದ ಬಲಗಣ್ಣನ್ನಷ್ಟೇ ಬಿಗಿಯಾಗಿ ಮುಚ್ಚಿ ತೆಗೆಯುವಳು. ತರಕಾರಿಯವನು ನನ್ನನ್ನು ಮರೆಗೆ ಕರೆದು, “ಅಮ್ಮಾರು ಯಾಕೋ ನಂಗೆ ಕಣ್ಣು ಹೊಡೀತಾರೆ ಕಣವ್ವ, ಏನ್ ತಪ್ಪಾಯ್ತೋ,” ಎಂದ. ನಾನು ನಕ್ಕಿದ್ದು ಕೇಳಿ ಅತ್ತೆ ಒಳಗಿಂದ, “ಏನೇ ಅದು?” ಎಂದಳು.

ಹುಣ್ಣು ಮಾಯಿತು. ಮಂಜು ಪೂರ್ತಿ ಹೋಗದಿದ್ದರೂ ತಕ್ಕಡಿಯ ಮುಳ್ಳು ಮತ್ತೆ ಕಂಡಿತು. ಆಮೇಲೆ ಯಾರಿಗೂ ಬೆಲ್ಲ ಹೆಚ್ಚು ಬೀಳಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಅತ್ತೆ ಹೋದಳು. ನಾನು ಕಡೂರಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ವಿಭೂತಿ ಹಚ್ಚಿ ಗೋಡೆಗೊರಗಿಸಿ ಕೂರಿಸಿದ್ದರು. ರೆಪ್ಪೆಗಳು ಕೊಂಚ ತೆರೆದಿದ್ದವು. ಅಪ್ಪ ಬಗ್ಗಿ ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ಮೆಲ್ಲಗೆ ಮುಚ್ಚಿದ.

“ಅಕ್ಕ ಬೆಂಗ್ಳೂರಲ್ಲಿ ಏನೂ ಬಿಟ್ಟು ಹೋಗ್ಲಿಲ್ಲ ಕಣಮ್ಮ,” ಎಂದ.