ಎಡಗನ್ನಡಿಯೂ ಪಾವಗಡದ ಇಬ್ಬನಿಯೂ

ಪುಷ್ಯ ಮಾಸದ ಒಂದು ಬೆಳಿಗ್ಗೆ ನನ್ನ ಹಳೆಯ ಕಾರನ್ನು ನಾನೇ ನಡೆಸಿಕೊಂಡು ತುಮಕೂರಿನಿಂದ ಪಾವಗಡಕ್ಕೆ ಹೊರಟೆ. ಹೋಗುವಾಗ ಕಾರು, ಬರುವಾಗ ಬಸ್ಸು ಎಂಬುದು ಮೊದಲೇ ತೀರ್ಮಾನವಾಗಿತ್ತು. ಕಾರು ಇನ್ನು ಮುಂದೆ ನನ್ನ ತಂಗಿ ವಿಮಲಳದು. ಅವಳು ಪಾವಗಡದಲ್ಲಿ ಪಶುವೈದ್ಯೆ. ಕತ್ತಿನ ಮೂಳೆಗಳಿಗೆ ತಿರುಪು ಹಾಕಿ ಬಿಗಿದ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳಿಗೆ ತಲೆ ತಿರುಗಿಸಲು ಆಗುವುದಿಲ್ಲ. ಹಿಂದಿರುವುದನ್ನೆಲ್ಲ ಬಾಗಿಲ ಕನ್ನಡಿಗಳಲ್ಲೇ ನೋಡಿಕೊಳ್ಳಬೇಕು. ಆದರೆ ಕರು ಹಾಕಲು ಕಷ್ಟಪಡುವ ಎಮ್ಮೆಗಳ ಕರೆ ಬರುವುದು ನಸುಕಿನಲ್ಲಿ. ಆ ಹೊತ್ತಿಗೆ ಮಾಗಿಯ ಇಬ್ಬನಿ ಕನ್ನಡಿಯನ್ನು ಮುಚ್ಚಿರುತ್ತದೆ. ಒರೆಸಿ ಹೊರಟರೆ ಕೆರೆಯ ಏರಿ ದಾಟುವುದರೊಳಗೆ ಮತ್ತೆ ಮಬ್ಬು. ಹಿಂದಿನ ತಿಂಗಳು ಅವಳು ತನ್ನ ಕಾರನ್ನು ಹಿಂದಕ್ಕೆ ತೆಗೆಯುತ್ತ ಪಕ್ಕದ ಮನೆಯವರ ಕಲ್ಲು ಬಾನಿಗೆ ಗುದ್ದಿದ್ದಳು. ಅಂದಿನಿಂದ ಅವಳ ಗಂಡ ನಾಗರಾಜ, ಮಬ್ಬುಗನ್ನಡಿಯ ಕಾರಿನಲ್ಲಿ ನಸುಕಿನಲ್ಲಿ ಹೊರಡುವುದಾದರೆ ಬೀಗದ ಕೈ ಕೊಡುವುದಿಲ್ಲ ಎಂದು ಹಟ ಹಿಡಿದಿದ್ದ. ಅವನಿಗೆ ಕಾರು ಬಾರದು. ಬಾಡಿಗೆಯ ಚಾಲಕರು ಆ ಹೊತ್ತಿನಲ್ಲಿ ಸಿಗುವುದಿಲ್ಲ. ಅಲ್ಲಿಗೆ ಅವಳ ನಸುಕಿನ ಕೆಲಸವೇ ನಿಂತಂತೆ.

ನನ್ನ ಕಾರಿನ ವಿಶೇಷ ಇಲ್ಲಿ ಉಪಯೋಗಕ್ಕೆ ಬರಬೇಕಿತ್ತು. ಹೊರದೇಶದ ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆ ಮಾದರಿಯಲ್ಲಿ ಹಿಂದಿನ ಗಾಜನ್ನು ಬಿಸಿ ಮಾಡುವ ಗುಂಡಿಯನ್ನು ಒತ್ತಿದರೆ ಎರಡೂ ಬಾಗಿಲ ಕನ್ನಡಿಗಳು ಒಳಗಿನ ತಂತಿಯಿಂದ ಬೆಚ್ಚಗಾಗಿ ತೇವವನ್ನು ತಾವೇ ಒಣಗಿಸಿಕೊಳ್ಳುತ್ತವೆ. ಹಾಗೆಂದು ಕೈಪಿಡಿ ಹೇಳುತ್ತದೆ. ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನ ಕಳೆದ ನನಗೆ ಒಂದೇ ಆಧಾರದ ಮೇಲೆ ನಂಬಿಕೆ ಇಲ್ಲ. ಶಕವರ್ಷಕ್ಕೆ ಸಂವತ್ಸರ, ಸಂವತ್ಸರಕ್ಕೆ ವಾರ ತಾಳೆಯಾಗಬೇಕು. ಆದ್ದರಿಂದ ಹೊರಡುವ ಮುನ್ನಾದಿನ ಗುಂಡಿ ಒತ್ತಿ ಕೈಯಿಟ್ಟು ನೋಡಿದೆ. ಬಲಗನ್ನಡಿ ಬೆಚ್ಚಗಾಯಿತು. ಎಡಗನ್ನಡಿ ತಣ್ಣಗೇ ಇತ್ತು.

ದಾರಿಯಲ್ಲೇ ಸರಿ ಮಾಡಿಸಿದರಾಯಿತು ಎಂದುಕೊಂಡೆ. ಕೊರಟಗೆರೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮುಖ್ಯರಸ್ತೆಯಲ್ಲಿ ವಾಹನಗಳ ವೈರಿಂಗ್ ಮಾಡುವ ರಂಗಪ್ಪ ಎಂಬವರ ಅಂಗಡಿ ತೆರೆದಿತ್ತು.

"ಯಾವ್ ಕನ್ನಡಿ ಬಿಸಿ ಆಗ್ತಿಲ್ಲ ಸಾ?"

"ಎಡಗಡೆಯದು."

"ಆಗ್ದಿದ್ರೆ ಒಳ್ಳೇದೇ ಅಲ್ವಾ? ಕನ್ನಡಿ ಯಾಕೆ ಬಿಸಿ ಆಗ್ಬೇಕು?"

ಇಬ್ಬನಿ, ಆವಿ, ಒಳತಂತಿ ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ರಂಗಪ್ಪ ತಾಳ್ಮೆಯಿಂದ ತಲೆಯಾಡಿಸಿದರು. "ನೀವು ತಿಂಡಿ ತಿನ್ಕೊಂಡ್ ಬನ್ನಿ, ನೋಡ್ತೀನಿ" ಎಂದರು. ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆ. ಚಟ್ನಿ ನೀರಾಗಿತ್ತು, ಕಾಫಿ ಚೆನ್ನಾಗಿತ್ತು. ಹಿಂದಿರುಗಿದಾಗ ರಂಗಪ್ಪ ಕೈ ಒರೆಸಿಕೊಳ್ಳುತ್ತಿದ್ದರು.

"ಆಯ್ತು ಸಾ. ಎಡಗಡೆದು ಸರಿಯಾಗೇ ಐತೆ. ಬಲಗಡೆದು ಶಾರ್ಟ್ ಆಗಿತ್ತು, ಕೈ ಸುಡ್ತಿತ್ತು. ವೈರ್ ಕಿತ್ತು ಟೇಪ್ ಸುತ್ತಿವ್ನಿ. ಈಗ ಎರಡೂ ತಣ್ಣಗವೆ."

ಎರಡೂ ಬೆಚ್ಚಗಾಗಬೇಕೆಂದೇ ನಾನು ಬಂದದ್ದು ಎಂದು ಮತ್ತೆ ಮೊದಲಿನಿಂದ ಹೇಳಿದೆ. ಕಿತ್ತ ತಂತಿಯನ್ನಾದರೂ ಮರಳಿ ಜೋಡಿಸಿ ಎಂದು ಕೇಳಿಕೊಂಡೆ.

"ಅದೊಂದು ಹೇಳ್ಬೇಡಿ ಸಾ. ದಾರೀಲಿ ಬೆಂಕಿ ಹತ್ಕಂಡ್ರೆ ಕೊರಟಗೆರೆ ರಂಗಪ್ಪ ಮಾಡಿದ್ದು ಅಂತೀರ. ನಿಮ್ಮಂಥ ವಯಸ್ಸಾದೋರ ಪಾಪ ನನಗ್ಯಾಕೆ?"

ಅವರ ಮುಖದಲ್ಲಿ ನಿಜವಾದ ಕಾಳಜಿ ಇತ್ತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಅರ್ಧ ಕೆಟ್ಟ ಕಾರನ್ನು ತಂದವನು ಪೂರ್ತಿ ಕೆಟ್ಟ ಕಾರಿನಲ್ಲಿ ಮಧುಗಿರಿಯ ಕಡೆಗೆ ಹೊರಟೆ.

ಮಧುಗಿರಿ ಅಲ್ಲಿಂದ ದೂರವಿಲ್ಲ. ಊರಿಗೆ ಬಹಳ ಮೊದಲೇ ಏಕಶಿಲೆಯ ಬೆಟ್ಟ ಕಾಣಿಸಿಕೊಂಡು ದಾರಿಯುದ್ದಕ್ಕೂ ಎದುರಿಗೇ ನಿಂತಿರುತ್ತದೆ. ಬಸ್ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿ ಬೀಗ ಹಾಕುತ್ತಿದ್ದಂತೆಯೇ ಒಬ್ಬ ಆಟೋ ಚಾಲಕರು ಬಂದು ನನ್ನ ಎಡಗನ್ನಡಿಯನ್ನು ಅಂಗೈಯಿಂದ ಒತ್ತಿ ಒಳಕ್ಕೆ ಮಡಚಿ ಸಾಗಿದರು. ಅನುಮತಿ ಕೇಳುವ ಪದ್ಧತಿ ಇಲ್ಲಿ ಇಲ್ಲ. ಇಕ್ಕಟ್ಟಿನ ಬೀದಿಯಲ್ಲಿ ಹೊರಚಾಚಿದ ಕನ್ನಡಿ ಊರಿನವರೆಲ್ಲರ ಸೊತ್ತು. ಯಾರು ಬೇಕಾದರೂ ಮಡಚಬಹುದು. ಬಿಡಿಸುವ ಕರ್ತವ್ಯ ಮಾತ್ರ ಮಾಲೀಕನದು.

ಅಲ್ಲಿನ ಮೆಕ್ಯಾನಿಕ್ ಬಸವರಾಜು ಮಾತಿನಲ್ಲಿ ಚುರುಕು. ಬಲಗನ್ನಡಿಯ ತಂತಿಯನ್ನು ತಕರಾರಿಲ್ಲದೆ ಜೋಡಿಸಿದರು. ಅದು ಬೆಚ್ಚಗಾಯಿತು. ಎಡಗನ್ನಡಿಯ ಗಾಜನ್ನು ತಿರುಪುಳಿಯಿಂದ ಎಬ್ಬಿಸಿ ತಿರುಗಿಸಿದವರು ನಗಲಾರಂಭಿಸಿದರು.

"ಸಾ, ಇದಕ್ಕೆ ವೈರೇ ಇಲ್ಲ. ಹಿಂದಿನೋನು ಗಾಜು ಒಡ್ದೋದಾಗ ಫೋಟೋ ಫ್ರೇಮ್ ಹಾಕೋ ಅಂಗಡೀಲಿ ಮಾಮೂಲಿ ಕನ್ನಡಿ ಕತ್ತರಿಸಿ ಅಂಟ್ಸವ್ನೆ. ಇದು ಬಿಸಿ ಆಗ್ಬೇಕು ಅಂದ್ರೆ ಬಿಸಿಲಿಗೇ ಇಡ್ಬೇಕು."

ಬಲಗಾಜಿನ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತು ಇತ್ತು. ಅದು ಬಾಗಿಲ ಗಾಜುಗಳ ಗುರುತಿಗೂ ನೋಂದಣಿ ಪತ್ರಕ್ಕೂ ತಾಳೆಯಾಯಿತು. ಎಡಗಾಜಿನ ಮೇಲೆ ಯಾವ ಗುರುತೂ ಇರಲಿಲ್ಲ. ಅಂತೂ ಹಿಂದಿನ ಮಾಲೀಕನಿಂದ ಕಾರು ನನ್ನ ಕೈಗೆ ಬರುವ ಮೊದಲೇ ಈ ಕನ್ನಡಿ ಬದಲಾಗಿತ್ತು. ಇಷ್ಟು ವರ್ಷ ನಾನು ಪಡೆಯದ ಸೌಲಭ್ಯವೊಂದನ್ನು ಇದೆಯೆಂದು ಬಂಧುಗಳಿಗೆಲ್ಲ ಬಣ್ಣಿಸಿದ್ದೆ.

"ಯಾವೂರ್ಗೆ ಹೋಗ್ತದೆ ಸಾ ಗಾಡಿ?"

"ಪಾವಗಡಕ್ಕೆ."

ಬಸವರಾಜು ಅಂಗಡಿಯ ಒಳಗೆ ಕುಳಿತಿದ್ದವರ ಕಡೆ ತಿರುಗಿದರು. "ಕೇಳಿದ್ಯೇನ್ಲಾ? ಪಾವಗಡದಲ್ಲಿ ಕನ್ನಡಿಗೆ ಹೀಟರ್ ಬೇಕಂತೆ. ನಾಳೆ ಕೂಲರ್ ತಗಂಡು ಊಟಿಗೆ ಹೋಗಾನ ಕಣ್ಲಾ."

ಪಾವಗಡವೆಂದರೆ ಬಿಸಿಲು ಎಂದು ಮಾತ್ರ ಬಲ್ಲವರಿಗೆ ಅಲ್ಲಿನ ಮಾಗಿಯ ಮುಂಜಾವಿನ ಬಗ್ಗೆ ಹೇಳಿ ಪ್ರಯೋಜನವಿಲ್ಲ. ಆಲೂಗಡ್ಡೆ ಕೊಯ್ದು ಗಾಜಿಗೆ ಉಜ್ಜಿದರೆ ನೀರು ನಿಲ್ಲುವುದಿಲ್ಲ ಎಂದು ಒಬ್ಬರು, ಸೋಪು ಉತ್ತಮವೆಂದು ಇನ್ನೊಬ್ಬರು ವಾದಿಸಿದರು. ಕೊನೆಗೆ ಬಸವರಾಜುವೇ, ಸಿರಾದ ಗುಜರಿಯಲ್ಲಿ ಇದೇ ಮಾದರಿಯ ಕಾರೊಂದು ಬಿದ್ದಿದೆ ಎಂದು ತಿಳಿಸಿದರು. ನೇರವಾಗಿ ಉತ್ತರಕ್ಕೆ ಪಾವಗಡಕ್ಕೆ ಹೋಗಬೇಕಾದವನು ಪಶ್ಚಿಮಕ್ಕೆ ತಿರುಗಿದೆ. ಹೊರಡುವ ಮುನ್ನ ಚಹಾ ಕುಡಿದ ಹೋಟೆಲಿನ ಫಲಕದಲ್ಲಿ ಒಂದು ಸ್ಥಾಪನಾ ವರ್ಷ, ಗಲ್ಲಾಪೆಟ್ಟಿಗೆಯ ಮೇಲಿನ ಚಿತ್ರಪಟದಲ್ಲಿ ಇನ್ನೊಂದು. ಯಾವುದು ಸರಿ ಎಂದು ಕೇಳಿದೆ. "ಚಾ ಬಿಸಿ ಐತಲ್ಲ ಸಾ?" ಎಂದರು ಮಾಲೀಕರು. ಅಂದು ನಾನು ಕಂಡ ಬಿಸಿಯ ಬಗೆಗಿನ ಏಕೈಕ ತೃಪ್ತಿಕರ ಉತ್ತರ ಅದು.

ಸಿರಾ ತಲುಪಿದಾಗ ನಡುಮಧ್ಯಾಹ್ನ. ಚಳಿಗಾಲವೆಂಬುದು ಪಂಚಾಂಗದಲ್ಲಿ ಮಾತ್ರ ಉಳಿದಿತ್ತು. ಗುಜರಿಯ ಒಡತಿ ಖುರ್ಷಿದಮ್ಮ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ತಾವರೆಕೆರೆಯ ಹತ್ತಿರ ಲಾರಿಗೆ ಗುದ್ದಿಕೊಂಡ ಕಾರಂತೆ. ಬಲಭಾಗ ಪೂರ್ತಿ ನಜ್ಜುಗುಜ್ಜಾಗಿ ಎಡಭಾಗ ಮಾತ್ರ ನೆಟ್ಟಗಿತ್ತು. ಎಡಗನ್ನಡಿಯ ಗಾಜನ್ನು ಅವರೇ ಎಬ್ಬಿಸಿ ಕೊಟ್ಟರು. ಹಿಂದೆ ಎರಡು ತಂತಿಗಳಿದ್ದವು. ಮೂಲೆಯಲ್ಲಿ ವರ್ಷದ ಗುರುತೂ ಇತ್ತು; ಆದರೆ ಅದು ಆ ಕಾರಿನ ಬಾಗಿಲ ಗಾಜಿನ ವರ್ಷಕ್ಕೆ ಹೊಂದುತ್ತಿರಲಿಲ್ಲ. ಇದು ಕೂಡ ಎಲ್ಲಿಂದಲೋ ಬಂದದ್ದಿರಬೇಕೆಂದು ನನ್ನ ಸಂಶಯವನ್ನು ಹೇಳಿದೆ.

"ಡೇಟ್ ಯಾಕೆ ಸಾಬ್ ನಿಮಗೆ?" ಎಂದರು ಖುರ್ಷಿದಮ್ಮ. "ಶಾದಿ ಮಾಡ್ಸ್ತೀರಾ ಇದಕ್ಕೆ? ನಿಮ್ ಬಲಗಡೆ ಕನ್ನಡಿಗೆ ಜೋಡಿ ಆಗ್ಬೇಕು, ಅಷ್ಟೇ ತಾನೆ?"

ಕೆಲಸ ಮಾಡುತ್ತದೆಂಬುದಕ್ಕೆ ಆಧಾರ ಕೇಳಿದೆ. ಅವರು ತಂತಿಗಳನ್ನು ಒಂದು ಬ್ಯಾಟರಿಗೆ ತಾಗಿಸಿ, "ಕೈ ಇಡಿ" ಎಂದರು. ಇಟ್ಟೆ, ಸುಟ್ಟಿತು. ಪಕ್ಕದಲ್ಲಿ ಬಿದ್ದಿದ್ದ, ಯಾವ ಬ್ಯಾಟರಿಯೂ ಇಲ್ಲದ ಬಂಪರನ್ನು ಮುಟ್ಟಿದೆ. ಅದೂ ಸುಟ್ಟಿತು. ಗಾಜನ್ನು ನೆರಳಿಗೆ ತಂದು, ಕೊಡದಲ್ಲಿದ್ದ ನೀರು ಚಿಮುಕಿಸಿದೆವು. ಬ್ಯಾಟರಿಗೆ ತಾಗಿಸಿದ ಗಾಜು ಒಣಗಿತು. ಅಷ್ಟರಲ್ಲೇ ನೀರು ಬಿದ್ದಿದ್ದ ನನ್ನ ಅಂಗಿಯ ತೋಳೂ ಒಣಗಿತ್ತು. ಸಿರಾದ ಗಾಳಿಯಲ್ಲಿ ಯಾವುದು ತಾನೆ ಒಣಗುವುದಿಲ್ಲ? ಮೀಟರ್ ಹಿಡಿದಾಗ ಮುಳ್ಳು ಅಲುಗಿತು. ಅಂದರೆ ಒಳತಂತಿ ತುಂಡಾಗಿಲ್ಲ ಎಂದಾಯಿತು. ಇಬ್ಬನಿಯನ್ನು ಓಡಿಸುವಷ್ಟು ಶಕ್ತಿ ಉಳಿದಿದೆಯೇ ಎಂಬುದು ತಿಳಿಯಲಿಲ್ಲ.

"ಕೆಲ್ಸ ಮಾಡ್ಲಿಲ್ಲ ಅಂದ್ರೆ ವಾಪಸ್ ತನ್ನಿ ಸಾಬ್."

"ಪಾವಗಡದಿಂದ ಇಷ್ಟು ದೂರವೇ?"

"ಮತ್ತೆ, ನಾನು ಬರ್ಲಾ?"

ಎರಡನೆಯ ಸಾಕ್ಷಿ ಇಲ್ಲದ ತೇದಿಯನ್ನು ನಾನು ಎಂದೂ ಅಚ್ಚಿಗೆ ಕಳುಹಿಸಿದವನಲ್ಲ. ಆ ಗಾಜನ್ನು ಮಾತ್ರ ಸಾಕ್ಷಿಯಿಲ್ಲದೆ ಕೊಂಡು, ಅಲ್ಲೇ ನನ್ನ ಕಾರಿಗೆ ಕೂಡಿಸಿಕೊಂಡು ಹೊರಟೆ.

ಪಾವಗಡದ ದಾರಿಯಲ್ಲಿ ಕಡಲೆಕಾಯಿ ಕಿತ್ತ ಹೊಲಗಳು, ಕುರಿಮಂದೆಗಳು, ಬಂಡೆಗುಡ್ಡಗಳು. ಕುರಿಗಳು ರಸ್ತೆ ಬಿಡುವವರೆಗೆ ಕಾಯುವುದನ್ನು ಬಿಟ್ಟರೆ ತೊಂದರೆಯೇನೂ ಆಗಲಿಲ್ಲ. ಸಂಜೆ ಮನೆ ಮುಟ್ಟಿದೆ. ವಿಮಲ ಬಾಗಿಲಲ್ಲೇ ಇದ್ದಳು. ಕತ್ತು ಆಡದ ಕಾರಣ ಇಡೀ ಮೈಯನ್ನೇ ತಿರುಗಿಸಿ ಕಾರನ್ನು ಒಂದು ಸುತ್ತು ನೋಡಿದಳು. ಗುಂಡಿ ಒತ್ತಿ ಎಡಗನ್ನಡಿಯ ಮೇಲೆ ಕೈಯಿಟ್ಟು, "ಬೆಚ್ಚಗಿದೆ ಅಣ್ಣ" ಎಂದಳು.

ನಾಗರಾಜ ಬಾಗಿಲ ತಗಡನ್ನು ಮುಟ್ಟಿದ. "ಇದೂ ಬೆಚ್ಚಗಿದೆ. ದಿನವೆಲ್ಲ ಬಿಸಿಲಲ್ಲಿ ಬಂದ ಗಾಡಿ ಭಾವ. ಇಬ್ಬನಿಯಲ್ಲಿ ತೋರಿಸಿ, ಒಪ್ಪಿಕೊಳ್ಳುತ್ತೇನೆ."

ನನ್ನದೇ ವಿಧಾನ ನನ್ನ ಮೇಲೆಯೇ ಪ್ರಯೋಗವಾಯಿತು. ಬೀಗದ ಕೈ ಅವನ ಅಂಗಿಯ ಜೇಬಿಗೆ ಇಳಿಯಿತು. ಬೆಳಗಾಗುವುದನ್ನು ಕಾದೆವು.

ಮರುದಿನ ನಸುಕಿನಲ್ಲಿ ಮೂವರೂ ಅಂಗಳಕ್ಕೆ ಬಂದರೆ ಮೂಡಣದ ಒಣಗಾಳಿ ಬೀಸುತ್ತಿತ್ತು. ಇಬ್ಬನಿಯ ಒಂದು ಹನಿ ಇಲ್ಲ. ಕನ್ನಡಿಗಳು ಹಗಲಿನಂತೆ ಹೊಳೆಯುತ್ತಿದ್ದವು. ನೀರು ಚಿಮುಕಿಸೋಣ ಎಂದೆ. ಮೆಟ್ಟಿಲ ಮೇಲೆ ಕಾಫಿ ಹಿಡಿದು ಕುಳಿತಿದ್ದ ನಾಗರಾಜ ಒಪ್ಪಲಿಲ್ಲ. "ಸಾಕ್ಷಿಯನ್ನು ನಾವೇ ಸೃಷ್ಟಿಸಬಾರದು ಅಂತ ನೀವೇ ಹೇಳುತ್ತೀರಲ್ಲ ಭಾವ." ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿದ್ದ ನಾನು ಉಳಿದೆ. ಇಡೀ ದಿನ ಕೋಳಿಯ ಲಸಿಕೆ, ಮೇಕೆಯ ಗೊರಸು ಇತ್ಯಾದಿಗಳಿಗಾಗಿ ಬಂದವರೆಲ್ಲ ಕಾರನ್ನು ಮುಟ್ಟಿ, ಇದು ಬಿಸಿಯಾಗುವ ಕನ್ನಡಿಯೇ ಎಂದು ಕೇಳಿ ನಕ್ಕು ಹೋದರು. ಬರಪೀಡಿತವೆಂದು ಹೆಸರಾದ ತಾಲ್ಲೂಕಿನಲ್ಲಿ ತೇವ ಬರಲೆಂದು ಕಾದು ಕುಳಿತವರು ಅನೇಕರಿರಬಹುದು. ಕನ್ನಡಿಯ ಮೇಲೆ ಬರಲೆಂದು ಕಾದವನು ನಾನೊಬ್ಬನೇ.

ಎರಡನೆಯ ನಸುಕಿನಲ್ಲಿ ಫೋನ್ ಕೂಗಿಗೆ ಎಚ್ಚರವಾಯಿತು. ಆ ಕಡೆಯ ಗಂಡಸಿನ ತೆಲುಗು ಬೆರೆತ ಮಾತು ಗೋಡೆಯಾಚೆಗೂ ಕೇಳುತ್ತಿತ್ತು. "ಡಾಕ್ಟ್ರಮ್ಮಾ, ಬಿರೀನ ರಾಮ್ಮಾ. ಎಮ್ಮೆ ಮಲಗ್ಬುಟ್ಟೈತೆ, ಕರೀನ ಒಂದೇ ಕಾಲು ಕಾಣ್ತೈತೆ. ನಾ ವಲ್ಲ ಕಾದು, ನನ್ ಕೈಲಿ ಆಗಲ್ಲಮ್ಮಾ."

ಹೊರಗೆ ಬಂದರೆ ಸೌರಫಲಕಗಳ ಬಯಲಿನ ಕಡೆಯಿಂದ ಮಂಜು ಬೀದಿಯವರೆಗೆ ಹಬ್ಬಿತ್ತು. ಕಾರಿನ ಮೈಯೆಲ್ಲ ಇಬ್ಬನಿ. ಎರಡೂ ಕನ್ನಡಿಗಳು ಸುಣ್ಣ ಬಳಿದಂತೆ ಬೆಳ್ಳಗೆ. ವಿಮಲ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ಹಾಕಿ ಗಂಡನ ಮುಂದೆ ಕೈ ಚಾಚಿದಳು. ಅವನು ಬೀಗದ ಕೈ ಕೊಟ್ಟ. "ಚಾಲೂ ಮಾಡು. ತಿಳಿಯಾಗುವವರೆಗೆ ಗೇಟು ತೆರೆಯುವುದಿಲ್ಲ" ಎಂದ.

ವಿಮಲ ಗುಂಡಿ ಒತ್ತಿದಳು. ಬಲಗನ್ನಡಿ ಬೇಗ ತಿಳಿಯಾಯಿತು. ಎಡಗಡೆಯದು ಹಾಗೇ ಇತ್ತು. ಖುರ್ಷಿದಮ್ಮನ ಗುಜರಿಯ ಬಗ್ಗೆ ನಾನು ಏನೇನು ಅಂದುಕೊಂಡೆನೋ ಇಲ್ಲಿ ಬರೆಯಲಾರೆ. ನಾಗರಾಜ ಗೇಟಿನ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದ. ಒಳಗಿನಿಂದ ಫೋನ್ ಮತ್ತೆ ಕೂಗಿತು. ಯಾರೂ ಎತ್ತಲು ಹೋಗಲಿಲ್ಲ. ಆಗ ಗಾಜಿನ ನಡುವೆ ರಾಗಿ ಕಾಳಿನಷ್ಟು ಕಪ್ಪು ಚುಕ್ಕೆಯೊಂದು ಮೂಡಿತು. ಅದು ಬೊಟ್ಟಿನಷ್ಟಾಯಿತು, ಅಂಗೈಯಷ್ಟಾಯಿತು. ಒಂದು ಮೂಲೆಯನ್ನು ಬಿಟ್ಟು ಉಳಿದದ್ದೆಲ್ಲ ತಿಳಿಯಾಯಿತು. ಪಕ್ಕದ ಮನೆಯ ಕಲ್ಲು ಬಾನಿ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ನಾಗರಾಜ ಗೇಟು ತೆರೆದ. ವಿಮಲ ಕತ್ತು ಆಡಿಸದೆ, ಎರಡು ಕನ್ನಡಿಗಳನ್ನು ಸರದಿಯಂತೆ ನೋಡುತ್ತ ಕಾರನ್ನು ಹಿಂದಕ್ಕೆ ತೆಗೆದು, ಬಾನಿಯನ್ನು ಬಳಸಿ, ಬೀದಿಗೆ ತಿರುಗಿಸಿದಳು. ಈಗ ನಾನು ಎಡಗಡೆಗೆ, ಕಾರಿನ ಹಿಂದೆ ನಿಂತಿದ್ದೆ. ಊರಿಗೆ ಹೊರಡುವ ಅಣ್ಣನನ್ನು ತಿರುಗಿ ನೋಡುವುದು ಅವಳಿಂದ ಆಗುವುದಿಲ್ಲ. ಸಿರಾದ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಹುಬ್ಬೆತ್ತಿ, ಒಂದು ಕೈಯನ್ನು ಮೇಲೆತ್ತಿ ತೋರಿಸಿ, ಮಂಜಿನೊಳಕ್ಕೆ ಹೋದಳು.

ನನ್ನ ಬಸ್ಸು ಬರುವಷ್ಟರಲ್ಲಿ ಬಿಸಿಲಾಗಿತ್ತು. ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಮಧುಗಿರಿಯಲ್ಲಿ ನಿಂತಿದ್ದ ಕಾರೊಂದರ ಎಡಗನ್ನಡಿಯನ್ನು ಯಾರೋ ಕೈಚಾಚಿ ಮಡಚಿ ನಮ್ಮ ಬಸ್ಸಿಗೆ ದಾರಿ ಮಾಡಿಕೊಟ್ಟರು. ಬಸ್ಸು ದಾಟಿದ ಮೇಲೆ ಅದನ್ನು ಬಿಡಿಸಲು ಯಾರೂ ಬರಲಿಲ್ಲ. ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, ಪೂರ್ತಿ ಹಿಂದಕ್ಕೆ ತಿರುಗಿ, ಅದು ಮರೆಯಾಗುವವರೆಗೂ ನೋಡಿದೆ.