ಐಲಿ ನೀಮಿಯ ಹದಿನಾಲ್ಕು ನಿಯಮಗಳು

ಆ ವರ್ಷ ಅಮೆರಿಕದ ಉತ್ತರ ಮಿನ್ನೆಸೋಟದ ಕಬ್ಬಿಣದ ಗಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಊರಿನ ಅರ್ಧ ಮನೆಗಳ ಮುಂದೆ ‘ಮಾರಾಟಕ್ಕಿದೆ’ ಎಂಬ ಹಲಗೆ ನಿಂತಿತು. ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸುತ್ತಿದ್ದ ತರುಣಿ, ಗಂಡನ ಕೆಲಸ ಹೋಯಿತೆಂದು ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟುಹೋದಳು. ಶಾಲೆ ತೆರೆಯಲು ನಾಲ್ಕೇ ದಿನ ಇರುವಾಗ ಪ್ರಿನ್ಸಿಪಾಲ್ ಓರಿನ್ ಡಾಲ್, ಐಲಿ ನೀಮಿಯನ್ನು ಕರೆಸಿದ.

“ಆನರ್ಸ್ ಜಾಮಿಟ್ರಿ, ಆ ಜಾಣ ಮಕ್ಕಳ ಕ್ಲಾಸು, ನೀನೇ ತಗೋಬೇಕು ಐಲಿ. ಬೇರೆ ಯಾರೂ ಇಲ್ಲ.”

“ನಾನು ಹತ್ತೊಂಬತ್ತು ವರ್ಷದಿಂದ ಭಿನ್ನರಾಶಿ ಹೇಳ್ಕೊಡ್ತಿರೋಳು, ಓರಿನ್.”

“ಅದೂ ಲೆಕ್ಕಾನೇ, ಇದೂ ಲೆಕ್ಕಾನೇ. ಪುಸ್ತಕ ಇದೆ, ಹಿಂದೆ ಉತ್ತರಾನೂ ಇದೆ. ಇನ್ನೇನು?”

ಇನ್ನೇನು ಎಂಬುದು ಐಲಿಗೆ ಮಾತ್ರ ಗೊತ್ತಿತ್ತು. ಅದೇ ಶಾಲೆಯಲ್ಲಿ ಹದಿನೈದನೆಯ ವಯಸ್ಸಿನಲ್ಲಿ, ಎಕ್ಲುಂಡ್ ಎಂಬ ಕಟ್ಟುನಿಟ್ಟಿನ ಮೇಷ್ಟರ ತರಗತಿಯಲ್ಲಿ, ಅವಳು ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ಕಾಲು ಗಂಟೆ ನಿಂತಿದ್ದಳು. ಒಂದು ಸಾಲೂ ಹೊರಡಲಿಲ್ಲ. “ಕೂತ್ಕೋ. ಎಲ್ಲರ ತಲೆಯೂ ಇದಕ್ಕೆ ಹೇಳಿ ಮಾಡ್ಸಿದ್ದಲ್ಲ” ಎಂದಿದ್ದರು ಮೇಷ್ಟರು. ಅಂದಿನಿಂದ ಅವಳು ಒಂದೊಂದು ಪ್ರಮೇಯವನ್ನೂ ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿ ಪಾಸಾದಳು. ಕಾಲೇಜಿನಲ್ಲೂ ಹಾಗೆಯೇ. ಯಾಕೆ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ. ಈಗ ಊರಿನ ಬುದ್ಧಿವಂತ ಮಕ್ಕಳೆಲ್ಲ ಎದುರಿಗೆ ಕೂರುತ್ತಾರೆ.

ಹೆದರಿದವರು ಗೋಡೆ ಕಟ್ಟುತ್ತಾರೆ. ಐಲಿ ನಿಯಮಗಳನ್ನು ಕಟ್ಟಿದಳು. ಭಾನುವಾರ ಚರ್ಚಿನಿಂದ ಬಂದವಳು ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಹದಿನಾಲ್ಕು ನಿಯಮ ಬರೆದಳು. ಗಂಟೆ ಹೊಡೆಯುವ ಮೊದಲು ಹೋಂವರ್ಕ್ ಮೇಜಿನ ಮೇಲಿನ ಟ್ರೇಯಲ್ಲಿರಬೇಕು, ಒಂದು ನಿಮಿಷ ತಡವಾದರೂ ಸೊನ್ನೆ. ಪೆನ್ಸಿಲಿನಲ್ಲೇ ಬರೆಯಬೇಕು. ಪ್ರಮೇಯದ ಸಾಧನೆಯ ಪ್ರತಿ ಸಾಲಿಗೂ ಪುಸ್ತಕದಲ್ಲಿರುವ ಕಾರಣವನ್ನೇ ಕೊಡಬೇಕು. ಎರಡು ಸೊನ್ನೆ ಬಂದವರು ಆನರ್ಸ್ ಬಿಟ್ಟು ಸಾಮಾನ್ಯ ತರಗತಿಗೆ ಹೋಗಬೇಕು. ಇವೆಲ್ಲಕ್ಕಿಂತ ಅವಳಿಗೆ ಮುಖ್ಯವಾಗಿದ್ದದ್ದು ಒಂಬತ್ತನೆಯದು: ತರಗತಿಯಲ್ಲಿ ಯಾರೂ ಪ್ರಶ್ನೆ ಕೇಳುವಂತಿಲ್ಲ, ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬೇಕು, ಉತ್ತರ ಮರುದಿನ. ಮನೆಗೆ ಒಯ್ದು ಪುಸ್ತಕ ನೋಡಲು ಅವಳಿಗೆ ಅಷ್ಟು ಸಮಯ ಬೇಕಿತ್ತು.

ತಂದೆತಾಯಿಗಳು ರುಜು ಹಾಕಿ ಕಳಿಸಿದರು. “ಈ ಕಾಲದಲ್ಲಿ ಇಂಥ ಶಿಸ್ತು ಎಲ್ಲಿದೆ” ಎಂದು ಡಾಕ್ಟರ ಹೆಂಡತಿ ಹೊಗಳಿದಳು. ಮಕ್ಕಳು ಬೆನ್ನ ಹಿಂದೆ ಅವಳಿಗೆ ‘ಜೈಲರ್’ ಎಂದು ಹೆಸರಿಟ್ಟರು. ಐಲಿಗೆ ಅದು ಕೇಳಿಸಿ ಸಮಾಧಾನವೇ ಆಯಿತು. ಜೈಲರನ್ನು ಯಾರೂ ಹತ್ತಿರದಿಂದ ನೋಡುವುದಿಲ್ಲ.

ಮೂರನೆಯ ಸಾಲಿನಲ್ಲಿ ಮಾರ್ಲಿಸ್ ಜುಪಾನ್ಚಿಚ್ ಎಂಬ ಹುಡುಗಿ ಕೂರುತ್ತಿದ್ದಳು. ಕೆಲಸ ಕಳೆದುಕೊಂಡ ಗಣಿಗಾರನ ಮಗಳು. ಅಣ್ಣನ ಹಳೆಯ ಉಣ್ಣೆ ಜಾಕೀಟು, ಹಲ್ಲಿನ ಗುರುತು ಬಿದ್ದ ಪೆನ್ಸಿಲು. ಅಕ್ಟೋಬರ್ ಕೊನೆಯಲ್ಲಿ ಬಿದ್ದ ಮೊದಲ ಹಿಮಕ್ಕೆ ಬಸ್ಸು ಹೂತುಕೊಂಡು ಅವಳು ನಾಲ್ಕು ನಿಮಿಷ ತಡವಾಗಿ ಬಂದಳು.

“ಬಸ್ಸು ಸಿಕ್ಕಾಕೊಂಡಿತ್ತು, ಮಿಸೆಸ್ ನೀಮಿ.”

“ಗಂಟೆ ಹೊಡೀತು, ಮಾರ್ಲಿಸ್.”

ಒಂದು ಸೊನ್ನೆ ಬಿತ್ತು.

ನವೆಂಬರಿನಲ್ಲಿ ದೊಡ್ಡ ಪರೀಕ್ಷೆ. ಎರಡು ಬಾಹು ಸಮವಾಗಿರುವ ತ್ರಿಕೋನದಲ್ಲಿ ಪಾದದ ಕೋನಗಳೂ ಸಮ ಎಂದು ಸಾಧಿಸಬೇಕು. ಇಪ್ಪತ್ತೆರಡು ಮಕ್ಕಳು ಪುಸ್ತಕದಲ್ಲಿದ್ದಂತೆ ನೆತ್ತಿಯಿಂದ ನಡುವೆ ಒಂದು ಗೆರೆ ಎಳೆದಿದ್ದರು. ಮಾರ್ಲಿಸ್ ಯಾವ ಗೆರೆಯನ್ನೂ ಎಳೆದಿರಲಿಲ್ಲ. ಎಡ ಬಾಹು ಬಲದ್ದಕ್ಕೆ ಸಮ, ಬಲ ಬಾಹು ಎಡದ್ದಕ್ಕೆ ಸಮ, ನೆತ್ತಿಯ ಕೋನ ತನಗೆ ತಾನೇ ಸಮ. ಆದ್ದರಿಂದ ಈ ತ್ರಿಕೋನ ಮಗುಚಿದ ತನಗೇ ಸರ್ವಸಮ, ಪಾದದ ಕೋನಗಳೂ ಸಮ. ಅಷ್ಟೇ ಬರೆದು ಮುಗಿಸಿದ್ದಳು.

ಐಲಿ ಅದನ್ನು ಆರು ಸಲ ಓದಿದಳು. ಒಂದು ತ್ರಿಕೋನವನ್ನು ಅದಕ್ಕೇ ಹೋಲಿಸುವುದುಂಟೇ? ಉತ್ತರದ ಪುಸ್ತಕದಲ್ಲಿ ಇಂಥದ್ದು ಇರಲಿಲ್ಲ. ಇದು ತಪ್ಪೆಂದಾಗಿದ್ದರೆ ಅವಳು ಹೆದರುತ್ತಿರಲಿಲ್ಲ. ತಪ್ಪೋ ಸರಿಯೋ ತನಗೆ ಗೊತ್ತಾಗುತ್ತಿಲ್ಲ ಎಂಬುದೇ ಅವಳ ಹೆದರಿಕೆ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ‘ಪುಸ್ತಕದಲ್ಲಿಲ್ಲ’ ಎಂದು ಬರೆದಳು.

ಹುಡುಗಿ ತರಗತಿ ಮುಗಿದ ಮೇಲೆ ಬಂದು ನಿಂತಳು. “ಎಲ್ಲಿ ತಪ್ಪಿದೆ ತೋರ್ಸಿ, ತಿದ್ಕೋತೀನಿ.”

“ಪ್ರಶ್ನೆ ಪೆಟ್ಟಿಗೆಗೆ ಹಾಕು.”

“ನೀವು ಇಲ್ಲೇ ಇದೀರಲ್ಲ.”

“ನಿಯಮ ನಿಯಮಾನೇ, ಮಾರ್ಲಿಸ್.” ಐಲಿಯ ದನಿ ಗಟ್ಟಿಯಾಗಿತ್ತು.

ಸಂಜೆ ಪೆಟ್ಟಿಗೆಯಲ್ಲಿ ಒಂದೇ ಚೀಟಿ: ‘ನನ್ನದರಲ್ಲಿ ಯಾವ ಸಾಲು ತಪ್ಪು?’ ಮರುದಿನ ಉತ್ತರ ಕೊಡಬೇಕಿತ್ತು, ಐಲಿ ಕೊಡಲಿಲ್ಲ. ಸೋಮವಾರ ಮಾರ್ಲಿಸ್ ಸಾಮಾನ್ಯ ತರಗತಿಗೆ ಹೋದಳು. ಮೂರನೆಯ ಸಾಲಿನ ಖಾಲಿ ಕುರ್ಚಿಯ ಕಡೆ ನೋಡದಂತೆ ಐಲಿ ಆ ವಾರವೆಲ್ಲ ಕಿಟಕಿಗೆ ಪಾಠ ಮಾಡಿದಳು. ಬಾಗಿಲು ತಟ್ಟಿದರೆ ಹುಡುಗಿಯ ಅಪ್ಪನೇ ಬಂದನೆಂದುಕೊಳ್ಳುತ್ತಿದ್ದಳು. ಅವನು ಬರಲಿಲ್ಲ. ಯಾರೂ ಕೇಳದೆ ಇದ್ದದ್ದರಿಂದ ಅವಳಿಗೆ ಇನ್ನೂ ಭಯವಾಯಿತು. ಅವರೆಲ್ಲ ಅವಳನ್ನು ನಂಬಿದ್ದರು.

ಶನಿವಾರ ಬೆಳಿಗ್ಗೆ ಅವಳು ಊರಿನಲ್ಲಿ ತನಗೆ ಎಲ್ಲರಿಗಿಂತ ಭಯವಿದ್ದ ಮನುಷ್ಯನ ಮನೆಗೆ ಹೋದಳು. ಎಕ್ಲುಂಡ್ ಮೇಷ್ಟರು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದರು. ಎಂಬತ್ತರ ಹತ್ತಿರ, ಕಣ್ಣು ಮುಕ್ಕಾಲು ಹೋಗಿತ್ತು. ಮೆಟ್ಟಿಲ ಮೇಲೆ ಐಲಿ ಎರಡು ಸಲ ವಾಪಸು ತಿರುಗಿದ್ದಳು.

ಒಬ್ಬ ಹುಡುಗಿಯ ಸಾಧನೆ ತಂದಿದ್ದೇನೆ ಎಂದಾಗ, “ಓದು,” ಎಂದರು. ಓದಿದಳು. “ಇನ್ನೊಂದ್ಸಲ.” ಓದಿದಳು.

ಮುದುಕ ಹಳೆಯ ಪತ್ರಿಕೆಯನ್ನು ಮಡಿಸಿ, ತಡವುತ್ತ ಎರಡು ಬಾಹು ಸಮವಿರುವ ಒಂದು ತ್ರಿಕೋನ ಕತ್ತರಿಸಿದರು. ಅದನ್ನು ಮಗುಚಿ, ಕತ್ತರಿಸಿದ ತೂತಿನೊಳಗೆ ಇಟ್ಟರು. ಎಡಗಡೆಯಿದ್ದ ಮೂಲೆ ಬಲಗಡೆ ಹೋಗಿ ಸರಿಯಾಗಿ ಕೂತಿತು.

“ನೋಡ್ದ್ಯಾ? ಗ್ರೀಕರ ಕಾಲದ ದಾರಿ. ಯಾವ ಪುಸ್ತಕ ನೋಡಿ ಬರೆದ್ಲು?”

“ಪುಸ್ತಕದಲ್ಲಿಲ್ಲ.”

“ಹಾಗಾದ್ರೆ ಅವಳೇ ಕಂಡ್ಕೊಂಡ್ಲು. ಮೂವತ್ತೊಂದು ವರ್ಷ ಕಲಿಸ್ದೆ, ನನ್ನ ಹತ್ರ ಒಬ್ರೂ ಹೀಗೆ ಬರೀಲಿಲ್ಲ. ಎಷ್ಟು ಅಂಕ ಕೊಟ್ಟೆ?”

“ಸೊನ್ನೆ,” ಎಂದಳು ಐಲಿ. ಕಾಗದದ ತುಂಡಿನಲ್ಲಿ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ‘ಯಾಕೆ’ ಕಂಡಿತ್ತು. ಅದರ ಬೆನ್ನಿಗೇ ತಾನು ಮಾಡಿದ್ದೇನು ಎಂಬುದೂ ಕಂಡಿತು. ಎಲ್ಲವನ್ನೂ ಹೇಳಿದಳು. ಕಪ್ಪುಹಲಗೆಯ ಮುಂದೆ ನಿಂತ ದಿನವನ್ನೂ ಹೇಳಿದಳು.

“ನಾನ್ ಹಾಗಂದಿದ್ನಾ?” ಮುದುಕ ಕಾಗದದ ತ್ರಿಕೋನವನ್ನು ತಡವಿ ತೆಗೆದು ಅವಳ ಕೈಗಿಟ್ಟರು. “ನೆನಪಿಲ್ಲ. ಅನ್ಬಾರ್ದಿತ್ತು.”

ಸೋಮವಾರ, ತರಗತಿಯಲ್ಲೇ ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಅವಳು ಹೇಳಿದಾಗ ಓರಿನ್ ಡಾಲ್ ಕಾಫಿ ಕೆಳಗಿಟ್ಟ. “ಸುಮ್ನೆ ಅವಳನ್ನ ವಾಪಸ್ ಕರ್ಕೋ, ಕಾರಣ ಹೇಳೋದ್ಯಾಕೆ? ಡಾಕ್ಟರ ಹೆಂಡ್ತಿಗೆ ಗೊತ್ತಾದ್ರೆ ನಿನ್ನ ಹುರಿದು ತಿಂತಾಳೆ.”

“ಮಕ್ಕಳ ಮುಂದೆ ಸೊನ್ನೆ ಕೊಟ್ಟೆ, ಮಕ್ಕಳ ಮುಂದೇನೇ ತೆಗೀಬೇಕು.”

ಮಾರ್ಲಿಸ್‌ಳನ್ನು ಕರೆಸಿ, ಐಲಿ ಕಪ್ಪುಹಲಗೆಯ ಮುಂದೆ ನಿಂತಳು. ಸೀಮೆಸುಣ್ಣ ಬೆರಳಲ್ಲೇ ಮುರಿಯಿತು. ಹುಡುಗಿ ಬರೆದದ್ದನ್ನು ಸಾಲು ಸಾಲಾಗಿ ಬರೆದಳು. “ಇದು ಸರಿ. ನಂಗೆ ಅರ್ಥ ಆಗ್ಲಿಲ್ಲ, ಅದಕ್ಕೆ ಸೊನ್ನೆ ಕೊಟ್ಟೆ,” ಎಂದಳು. ಯಾರೂ ನಗಲಿಲ್ಲ.

ಹಿಂದಿನ ಸಾಲಿನ ಕೆಂಪು ಕೂದಲ ಹುಡುಗಿ ಕೈಯೆತ್ತಿದಳು. “ಹಾಗಾದ್ರೆ ನಮ್ಮ ಪೇಪರ್‌ಗಳನ್ನೂ ಮತ್ತೆ ನೋಡ್ತೀರಾ?”

“ನೋಡ್ತೀನಿ. ಎಲ್ಲಾನೂ,” ಎಂದು ಐಲಿ ಮಾರ್ಲಿಸ್ ಕಡೆ ತಿರುಗಿದಳು.

“ಮಾರ್ಲಿಸ್, ನಿನ್ನ ಜಾಗ ಹಾಗೇ ಇದೆ.”

ಮಾರ್ಲಿಸ್ ಜಾಕೀಟಿನ ಜೇಬಿನಿಂದ ಕೈ ತೆಗೆಯಲಿಲ್ಲ. “ನಂಗೆ ಬೇಡ, ಮಿಸೆಸ್ ನೀಮಿ. ಆ ಕ್ಲಾಸಲ್ಲಿ ಬಾಯ್ಬಿಟ್ಟು ಪ್ರಶ್ನೆ ಕೇಳಬಹುದು.” ಹೇಳಿ ಬಾಗಿಲು ಹಾಕಿಕೊಂಡು ಹೋದಳು.

ಐಲಿ ಆ ದಿನವೇ ಪೆಟ್ಟಿಗೆಯನ್ನು ಮನೆಗೆ ಒಯ್ದಳು. ಮರುದಿನದಿಂದ ಕೈಗಳು ಏಳತೊಡಗಿದವು. “ಗೊತ್ತಿಲ್ಲ, ನಾಳೆ ಹೇಳ್ತೀನಿ” ಎಂದು ವಾರದಲ್ಲಿ ನಾಲ್ಕು ಸಲ ಹೇಳಿದಳು, ನಾಲ್ಕೂ ಸಲ ಮರುದಿನ ಹೇಳಿದಳು. ಸುದ್ದಿ ಹೇಗೋ ಸಾಮಾನ್ಯ ತರಗತಿಯನ್ನೂ ಮುಟ್ಟಿತು. ಕ್ರಿಸ್ಮಸ್ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾರ್ಲಿಸ್ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಐದು ನಿಮಿಷಕ್ಕೇ ಕೈಯೆತ್ತಿದಳು.

ಡಾಕ್ಟರ ಹೆಂಡತಿ ದೂರು ಕೊಟ್ಟಳು. ‘ವಿಷಯದ ಮೇಲೆ ಹಿಡಿತ ಸಾಲದು’ ಎಂಬ ಪತ್ರ ಐಲಿಯ ಕಡತ ಸೇರಿತು. ಅದು ನಿಜವಾಗಿದ್ದರಿಂದ ಅವಳು ಜಗಳವಾಡಲಿಲ್ಲ. ಬೇರೆ ಯಾರೂ ಸಿಗದ ಕಾರಣ ಆನರ್ಸ್ ತರಗತಿ ಇನ್ನೂ ಎಂಟು ವರ್ಷ ಅವಳ ಕೈಯಲ್ಲೇ ಉಳಿಯಿತು. ಮಾರ್ಲಿಸ್ ಮುಂದೆ ಡುಲೂತ್‌ಗೆ ಹೋಗಿ ಓದಿ, ಭೂಮಾಪನದ ಕೆಲಸ ಹಿಡಿದಳು. ಐಲಿಯ ಭಯ ಮಾತ್ರ ಹೋಗಲಿಲ್ಲ. ಪ್ರತಿ ಸೆಪ್ಟೆಂಬರ್ ಮೊದಲ ದಿನ ಶೌಚಾಲಯದಲ್ಲಿ ವಾಂತಿ ಮಾಡಿ, ಮುಖ ತೊಳೆದುಕೊಂಡು ಒಳಗೆ ಹೋಗುತ್ತಿದ್ದಳು.

ಆ ಚಳಿಗಾಲದಿಂದ ಎಕ್ಲುಂಡ್ ತೀರಿಕೊಳ್ಳುವವರೆಗೆ ಪ್ರತಿ ಶನಿವಾರ ಅವಳು ಅಂಗಡಿಯ ಮೇಲಿನ ಕೋಣೆಗೆ ಹೋದಳು. ಮುಂದಿನ ವಾರದ ಪಾಠವನ್ನು ಗಟ್ಟಿಯಾಗಿ ಓದುವಳು. ಮುದುಕ ಕಣ್ಣು ಮುಚ್ಚಿ ಕೇಳುತ್ತ, ಅವಳು ಬರೀ ಬಾಯಿಪಾಠ ಒಪ್ಪಿಸಿದ ಕಡೆ ಬೆತ್ತದಿಂದ ನೆಲ ಕುಟ್ಟಿ, “ನಿಲ್ಲು, ಯಾಕೆ ಅಂತ ಹೇಳು” ಎನ್ನುತ್ತಿದ್ದರು. ಹೇಳಲು ಬಂದರೆ ಹೇಳುವಳು. ಬರದಿದ್ದರೆ ಇಬ್ಬರೂ ಕಾಫಿ ಕುಡಿದು ಮತ್ತೆ ಮೊದಲಿಂದ ಶುರುಮಾಡುವರು.